ಕಣ್ಣಿನ ಮೇಲೆ ಔಷಧಗಳ ಪ್ರಭಾವ

ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ಮೊದಲ ಮಣೆ ಸಲ್ಲುತ್ತದೆಂಬುದು ಹಿರಿಯರ ಕಾಲದಿಂದಲೂ ನಡೆದುಬಂದ ಮಾತು. ಮಗುವಿನ ಅಕ್ಷರಾಭ್ಯಾಸದಿಂದ ಮೊದಲ್ಗೊಂಡು ಮುಪ್ಪಿನ ಪಾರಾಯಣದವರೆಗೆ ಮನುಷ್ಯನ ಜ್ಞಾನಾರ್ಜನೆಯ ಬಹುಪಾಲು ಸಾಗುವುದು ಈ ಎರಡು ಕಿಂಡಿಗಳ ಮೂಲಕವೇ. ಇಷ್ಟೊಂದು ಬೆಲೆಯುಳ್ಳ ಅಂಗವಾದರೋ ಸುಮಾರು 24 ಮಿಲಿಮೀಟರ್ ವ್ಯಾಸದ ಒಂದು ಪುಟ್ಟ ಗೋಳ. ಅದಕ್ಕೆ ಬಾಧೆ ಒದಗಿದಾಗ ಜನರು ಮೊದಲು ಕೈಚಾಚುವುದು ಔಷಧದ ಸೀಸೆಗೆ. ಗೂಡಿನಲ್ಲಿ ಉಳಿದಿದ್ದ ಹಳೆಯ ಹನಿಮದ್ದು, ನೆರೆಯವರು ಕೊಟ್ಟ ಮುಲಾಮು, ಅಂಗಡಿಯವನು ಕೇಳಿದೊಡನೆ ಎತ್ತಿಕೊಟ್ಟ ಸೀಸೆ, ಎಲ್ಲವೂ ‘ಕಣ್ಣಿನ ಮದ್ದು’ ಎಂಬ ಒಂದೇ ಹೆಸರಿನಿಂದ ಕಣ್ಣಿಗೆ ಬೀಳುತ್ತವೆ. ಆದರೆ ಕಣ್ಣಿನ ಮದ್ದು ಎಂಬುದು ಒಂದಲ್ಲ. ಅವುಗಳಲ್ಲಿ ಪರಸ್ಪರ ವಿರುದ್ಧ ಗುಣವುಳ್ಳವೂ ಉಂಟು. ಒಬ್ಬರ ದೃಷ್ಟಿಯನ್ನು ಉಳಿಸಿದ ಹನಿಯೇ ಇನ್ನೊಬ್ಬರ ದೃಷ್ಟಿಯನ್ನು ಕಳೆಯಬಲ್ಲದು. ಆದುದರಿಂದ ಔಷಧವು ಕಣ್ಣನ್ನು ಹೇಗೆ ಹೊಗುತ್ತದೆ, ಒಳಹೊಕ್ಕು ಏನು ಮಾಡುತ್ತದೆ, ಎಲ್ಲಿ ಅದರ ಶಕ್ತಿ ನಿಲ್ಲುತ್ತದೆ ಎಂಬುದನ್ನು ಶಿಕ್ಷಕರೂ ಪಾಲಕರೂ ಅರಿತಿರುವುದು ಲೇಸು.

ಹನಿಯ ಹಾದಿ

ಕಣ್ಣನ್ನು ಛಾಯಾಗ್ರಾಹಕ ಯಂತ್ರಕ್ಕೆ ಹೋಲಿಸುವುದು ವಾಡಿಕೆ. ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಪಾರದರ್ಶಕವಾದ ಕಾರ್ನಿಯ; ಅದರ ಹಿಂದೆ ಬಣ್ಣದ ತೆರೆಯಾದ ಐರಿಸ್; ಆ ತೆರೆಯ ನಡುವೆ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಪಾಪೆ; ಪಾಪೆಯ ಹಿಂದೆ ಮಸೂರ; ಎಲ್ಲಕ್ಕೂ ಹಿಂದೆ ಚಿತ್ರ ಮೂಡುವ ಅಕ್ಷಿಪಟಲ. ಅಲ್ಲಿಂದ ದೃಷ್ಟಿನರವು ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ. ಇಲ್ಲದಿರುವುದರಿಂದಲೇ ಅದು ಪಾರದರ್ಶಕ. ಇಲ್ಲದಿರುವುದರಿಂದಲೇ ನುಂಗಿದ ಗುಳಿಗೆಯ ಸತ್ವವು ಅಲ್ಲಿಗೆ ತಲುಪುವುದು ಅತ್ಯಲ್ಪ. ಕಣ್ಣಿನ ಮುಂಭಾಗದ ರೋಗಗಳಿಗೆ ಹನಿ, ಮುಲಾಮುಗಳೇ ಮುಖ್ಯ ಸಾಧನವಾಗಿರುವುದು ಈ ಕಾರಣದಿಂದ.

ಸೀಸೆಯಿಂದ ಬೀಳುವ ಒಂದು ಹನಿಯ ಪ್ರಮಾಣ ಸಾಮಾನ್ಯವಾಗಿ 30ರಿಂದ 50 ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ಸುಮಾರು ಇಪ್ಪತ್ತನೆಯ ಒಂದು ಪಾಲಿನವರೆಗೆ ಇರುತ್ತದೆ. ಕಣ್ರೆಪ್ಪೆಯ ಒಳಗಿನ ಅವಕಾಶವಾದರೋ ಸುಮಾರು 30 ಮೈಕ್ರೋಲೀಟರನ್ನು ಮಾತ್ರ ಹಿಡಿಯಬಲ್ಲದು. ಮಿಕ್ಕದ್ದು ಕೆನ್ನೆಯ ಮೇಲೆ ಹರಿದುಹೋಗುತ್ತದೆ. ಹೀಗಾಗಿ ಒಂದರ ಬದಲು ಮೂರು ಹನಿ ಹಾಕಿದರೆ ಗುಣ ಮೂರು ಪಾಲಾಗುವುದಿಲ್ಲ, ಮದ್ದು ವ್ಯರ್ಥವಾಗುವುದಷ್ಟೆ. ಉಳಿದ ಮದ್ದನ್ನು ಕಣ್ಣೀರು ಕ್ಷಣಕ್ಷಣಕ್ಕೂ ತೊಳೆಯುತ್ತದೆ. ಕಾರ್ನಿಯದ ಹೊರಪದರ ಜಿಡ್ಡಿನಲ್ಲಿ ಕರಗುವ ವಸ್ತುವಿಗೆ ದಾರಿ ಬಿಡುತ್ತದೆ, ನಡುವಣ ಪದರ ನೀರಿನಲ್ಲಿ ಕರಗುವುದಕ್ಕೆ ದಾರಿ ಬಿಡುತ್ತದೆ. ಎರಡು ಗುಣಗಳನ್ನೂ ಒಂದಿಷ್ಟು ಪಡೆದ ಮದ್ದು ಮಾತ್ರ ಇವೆರಡನ್ನೂ ದಾಟಿ ಒಳಸೇರುತ್ತದೆ. ಹಾಕಿದ ಮದ್ದಿನಲ್ಲಿ ಕಣ್ಣಿನ ಒಳಭಾಗವನ್ನು ಮುಟ್ಟುವುದು ನೂರರಲ್ಲಿ ಐದು ಪಾಲಿಗಿಂತಲೂ ಕಡಿಮೆ.

ಉಳಿದದ್ದು ಎಲ್ಲಿ ಹೋಯಿತು? ಕಣ್ಣಿನ ಮೂಗಿನ ಬದಿಯ ಮೂಲೆಯಲ್ಲಿ ಕಣ್ಣೀರು ಇಳಿದುಹೋಗುವ ಸೂಕ್ಷ್ಮ ರಂಧ್ರಗಳಿವೆ. ಆ ನಾಳದ ಮೂಲಕ ಮದ್ದು ಮೂಗಿಗೆ ಇಳಿದು, ಅಲ್ಲಿಯ ತೆಳುಪೊರೆಯ ಮೂಲಕ ನೇರವಾಗಿ ರಕ್ತವನ್ನು ಸೇರುತ್ತದೆ. ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ತೋರುವುದು ಇದರಿಂದಲೇ. ಈ ಸಣ್ಣ ಸಂಗತಿ ಎಷ್ಟು ದೊಡ್ಡದೆಂಬುದು ಮುಂದೆ ತಿಳಿದುಬರುತ್ತದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಆ ಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಮದ್ದು ಕಣ್ಣಿನಲ್ಲಿಯೇ ಹೆಚ್ಚು ಕಾಲ ನಿಲ್ಲುತ್ತದೆ, ದೇಹಕ್ಕೆ ಸೇರುವ ಪಾಲು ತಗ್ಗುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷವಾದರೂ ಅಂತರವಿರಬೇಕು. ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಪಾಪೆಯ ಮೇಲೆ ಎರಡು ವಿರುದ್ಧ ಶಕ್ತಿಗಳು

ಐರಿಸಿನಲ್ಲಿ ಎರಡು ಬಗೆಯ ಸ್ನಾಯುಗಳಿವೆ. ಒಂದು ಪಾಪೆಯನ್ನು ಚೀಲದ ಬಾಯಿಯ ಲಾಡಿಯಂತೆ ಬಿಗಿದು ಕಿರಿದು ಮಾಡುತ್ತದೆ. ಇನ್ನೊಂದು ಗಾಲಿಯ ಕಡ್ಡಿಗಳಂತೆ ಹರಡಿ ಅದನ್ನು ಹಿಗ್ಗಿಸುತ್ತದೆ. ಇವೆರಡನ್ನೂ ಇಚ್ಛೆಗೆ ಅಧೀನವಲ್ಲದ ನರಗಳು ನಡೆಸುತ್ತವೆ. ಬಿಗಿಯುವ ಸ್ನಾಯುವಿಗೆ ನರದ ಆಜ್ಞೆಯನ್ನು ತಲುಪಿಸುವ ದೂತವಸ್ತು ಅಸಿಟೈಲ್‌ಕೋಲಿನ್.

ಬೆಲ್ಲಡೋನಾ ಗಿಡದ ಸತ್ವವಾದ ಅಟ್ರೊಪಿನ್ ಈ ದೂತನಿಗೆ ಬಾಗಿಲು ಮುಚ್ಚುತ್ತದೆ. ಆಗ ಪಾಪೆ ಹಿಗ್ಗಿ ನಿಲ್ಲುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಇಟಲಿಯ ಭಾಷೆಯಲ್ಲಿ ಬೆಲ್ಲಡೋನಾ ಎಂದರೆ ಸುಂದರ ಸ್ತ್ರೀ. ಕಣ್ಣು ವಿಶಾಲವಾಗಿ ತೋರಲೆಂದು ಅಲ್ಲಿಯ ಹೆಂಗಸರು ಅದರ ರಸವನ್ನು ಬಳಸುತ್ತಿದ್ದರೆಂದು ಪ್ರತೀತಿ. ಕನ್ನಡ ನಾಡಿನ ತಿಪ್ಪೆಬದಿಯಲ್ಲಿ ಬೆಳೆಯುವ ಮದಗುಣಿಕೆಯಲ್ಲಿಯೂ ಇದೇ ಬಳಗದ ಸತ್ವಗಳಿವೆ. ಆ ಗಿಡವನ್ನು ಕಿತ್ತ ಕೈಯಿಂದ ಕಣ್ಣುಜ್ಜಿದ ಮಗುವಿನ ಒಂದು ಪಾಪೆ ಮಾತ್ರ ಹಿಗ್ಗಿಬಿಡುವುದುಂಟು. ಕಣ್ಣಿನ ಒಳಗೆ ಉರಿಯೂತವಾದಾಗ ಐರಿಸ್ ಮಸೂರಕ್ಕೆ ಅಂಟದಂತೆ ತಡೆಯಲು, ಮಕ್ಕಳ ದೃಷ್ಟಿದೋಷವನ್ನು ನಿಖರವಾಗಿ ಅಳೆಯಲು ವೈದ್ಯರು ಅಟ್ರೊಪಿನ್ ಬಳಸುತ್ತಾರೆ. ಅದರ ಪ್ರಭಾವ ಒಂದು ವಾರಕ್ಕೂ ಮೀರಿ ಉಳಿಯುತ್ತದೆ. ಕೇವಲ ಕಣ್ಣಿನ ಒಳಭಾಗವನ್ನು ನೋಡಬೇಕಾದಾಗ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವ ಟ್ರೊಪಿಕಮೈಡ್ ಸಾಕು. ಅಟ್ರೊಪಿನ್ನನ್ನೇ ಬಹಳ ತೆಳುವಾಗಿಸಿ ರಾತ್ರಿಯ ಹೊತ್ತು ಹಾಕಿದರೆ ಮಕ್ಕಳ ಸಮೀಪದೃಷ್ಟಿ ಏರುವ ವೇಗ ತಗ್ಗುತ್ತದೆಂದು ಸಿಂಗಪುರ, ಹಾಂಗ್‌ಕಾಂಗ್‌ಗಳ ಅಧ್ಯಯನಗಳು ತೋರಿಸಿಕೊಟ್ಟಿವೆ.

ಇದಕ್ಕೆ ನೇರ ವಿರುದ್ಧವಾದ ಮದ್ದು ದೊರೆತ ಕಥೆ ಸ್ವಾರಸ್ಯಕರವಾದುದು. ಪಶ್ಚಿಮ ಆಫ್ರಿಕದ ಕಲಬಾರ್ ಪ್ರದೇಶದಲ್ಲಿ ಅಪರಾಧಿಯೆಂಬ ಶಂಕೆಗೆ ಒಳಗಾದವನಿಗೆ ಒಂದು ವಿಷದ ಬೀಜವನ್ನು ತಿನ್ನಿಸುವ ರೂಢಿಯಿತ್ತು. ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಎಡಿನ್‌ಬರೊದಲ್ಲಿ ಥಾಮಸ್ ಫ್ರೇಸರ್ ಆ ಬೀಜವನ್ನು ಪರೀಕ್ಷಿಸುತ್ತ, ಅದರ ಸಾರ ಪಾಪೆಯನ್ನು ಕಿರಿದಾಗಿಸುವುದನ್ನು ಕಂಡನು. 1863ರಲ್ಲಿ ಆರ್ಗೈಲ್ ರಾಬರ್ಟ್‌ಸನ್ ಎಂಬ ನೇತ್ರವೈದ್ಯ ತನ್ನ ಕಣ್ಣಿನ ಮೇಲೆಯೇ ಅದನ್ನು ಪ್ರಯೋಗಿಸಿ ನೋಡಿದನು. ಆ ಬೀಜದ ಸತ್ವವೇ ಫೈಸೊಸ್ಟಿಗ್ಮಿನ್. ದೂತವಸ್ತುವನ್ನು ನಾಶಮಾಡುವ ಕಿಣ್ವವನ್ನು ಅದು ತಡೆಯುತ್ತದೆ, ದೂತನು ಹೆಚ್ಚು ಕಾಲ ಉಳಿಯುತ್ತಾನೆ, ಪಾಪೆ ಬಿಗಿಯುತ್ತದೆ. ಕೊಲ್ಲುವ ಬೀಜ ಕಣ್ಣು ಕಾಯುವ ಮದ್ದಾದುದು ಹೀಗೆ.

ಒಳಗಿನ ಒತ್ತಡ

ಈ ಮದ್ದಿನಿಂದ ಮೊದಲು ಉಪಕಾರ ಪಡೆದ ರೋಗ ಗ್ಲಾಕೊಮಾ. ಕಣ್ಣಿನ ಒಳಗೆ ನಿಮಿಷಕ್ಕೆ ಸುಮಾರು ಎರಡು, ಎರಡೂವರೆ ಮೈಕ್ರೋಲೀಟರಿನಷ್ಟು ತಿಳಿರಸ ಉತ್ಪತ್ತಿಯಾಗಿ, ಐರಿಸ್ ಮತ್ತು ಕಾರ್ನಿಯಗಳು ಕೂಡುವ ಕೋನದಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಹೋಗುತ್ತದೆ. ಬರುವುದೂ ಹೋಗುವುದೂ ಸಮವಾಗಿದ್ದರೆ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರಿನೊಳಗೆ ಇರುತ್ತದೆ. ಹೊರದಾರಿ ಕಟ್ಟಿಕೊಂಡರೆ ಕೋಡಿ ಮುಚ್ಚಿದ ಕೆರೆಯಂತೆ ಒತ್ತಡ ಏರಿ ದೃಷ್ಟಿನರ ಎಳೆ ಎಳೆಯಾಗಿ ಸಾಯುತ್ತದೆ. ಸತ್ತ ಎಳೆಯನ್ನು ಯಾವ ಔಷಧವೂ ಮರಳಿ ಬದುಕಿಸಲಾರದು. ರೋಗದ ಅತಿ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟ ಮೊದಲು ಅಳಿಯುವುದರಿಂದ ರೋಗಿಗೆ ಬಹುಕಾಲ ಗೊತ್ತೇ ಆಗುವುದಿಲ್ಲ.

1876ರಲ್ಲಿ ಲುಡ್ವಿಗ್ ಲಾಕರ್ ಎಂಬ ವೈದ್ಯ ಫೈಸೊಸ್ಟಿಗ್ಮಿನ್‌ನಿಂದ ಈ ಒತ್ತಡ ಇಳಿಯುವುದೆಂದು ಪ್ರಕಟಿಸಿದನು. ಆತನೇ ಗ್ಲಾಕೊಮಾ ರೋಗಿಯಾಗಿದ್ದನೆಂಬುದು ಗಮನಾರ್ಹ. ಅದೇ ಕಾಲದಲ್ಲಿ ದಕ್ಷಿಣ ಅಮೆರಿಕದ ಗಿಡವೊಂದರ ಸತ್ವವಾದ ಪೈಲೊಕಾರ್ಪಿನ್ ಬಂದಿತು. ಮುಂದೆ ಒಂದು ಶತಮಾನದ ಕಾಲ ಅದೇ ಈ ರೋಗದ ಮುಖ್ಯ ಹನಿಯಾಗಿತ್ತು. ಅದು ಸ್ನಾಯುವನ್ನು ಎಳೆದು ಜಾಲರಿಯ ಕಣ್ಣುಗಳನ್ನು ತೆರೆಸುತ್ತದೆ. 1978ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಟಿಮೊಲಾಲ್ ಬೇರೆ ದಾರಿ ಹಿಡಿಯಿತು: ರಸದ ಉತ್ಪತ್ತಿಯನ್ನೇ ಕಡಿಮೆ ಮಾಡಿತು. 1996ರಲ್ಲಿ ಬಂದ ಲಟನೊಪ್ರಾಸ್ಟ್ ರಸ ಹೊರಹೋಗುವ ಇನ್ನೊಂದು ದಾರಿಯನ್ನು ಅಗಲಗೊಳಿಸಿತು; ದಿನಕ್ಕೆ ಒಂದೇ ಹನಿ ಸಾಕು, ಆದರೆ ರೆಪ್ಪೆಯ ಕೂದಲು ಬೆಳೆಯುವುದೂ ಐರಿಸಿನ ಬಣ್ಣ ಗಾಢವಾಗುವುದೂ ಉಂಟು.

ಹಿಂದೆ ಹೇಳಿದ ಮೂಗಿನ ನಾಳದ ಸಂಗತಿ ಇಲ್ಲಿ ನೆನಪಿಗೆ ಬರಬೇಕು. ಟಿಮೊಲಾಲ್ ಹನಿ ಆ ದಾರಿಯಿಂದ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನು ನಿಧಾನಗೊಳಿಸಬಲ್ಲದು. ಉಬ್ಬಸದ ರೋಗಿಯ ಉಸಿರನ್ನು ಕಟ್ಟಿಸಬಲ್ಲದು. ಕಣ್ಣಿನ ವೈದ್ಯರಲ್ಲಿಗೆ ಹೋದವರು ತಮ್ಮ ಉಬ್ಬಸವನ್ನೂ ಹೃದ್ರೋಗವನ್ನೂ ಮರೆಮಾಚದೆ ಹೇಳಬೇಕಾದುದು ಇದಕ್ಕಾಗಿ. ಅಂತೆಯೇ ಹುಟ್ಟಿನಿಂದಲೇ ಕೋನ ಕಿರಿದಾಗಿರುವ ಕಣ್ಣಿನಲ್ಲಿ ಪಾಪೆ ಹಿಗ್ಗಿಸುವ ಮದ್ದು ಬಿದ್ದರೆ ಆ ಕೋನ ಮುಚ್ಚಿ, ಕೆಲವೇ ಗಂಟೆಗಳಲ್ಲಿ ತೀವ್ರ ತಲೆನೋವು, ವಾಂತಿ, ದೃಷ್ಟಿಮಾಂದ್ಯ ಕಾಣಿಸಿಕೊಳ್ಳಬಹುದು. ಆಗ ತಡಮಾಡದೆ ಆಸ್ಪತ್ರೆ ಸೇರಬೇಕು.

ನೋವನ್ನು ಮರೆಸಿದ ಹನಿ

1884ಕ್ಕೆ ಮೊದಲು ಕಣ್ಣಿನ ಶಸ್ತ್ರಕ್ರಿಯೆಯೆಂದರೆ ಎಚ್ಚರವಿರುವ ರೋಗಿಯನ್ನು ಹಿಡಿದು ಮಾಡುವ ಯಾತನೆಯಾಗಿತ್ತು. ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣವನ್ನು ಮೊದಲು ಕಪ್ಪೆ, ಮೊಲಗಳ ಕಣ್ಣಿಗೂ ಬಳಿಕ ತನ್ನ ಕಣ್ಣಿಗೂ ಹಾಕಿಕೊಂಡು, ಗುಂಡುಸೂಜಿಯ ತಲೆಯಿಂದ ಮುಟ್ಟಿದರೂ ತಿಳಿಯದೆಂಬುದನ್ನು ಕಂಡನು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈಡಲ್‌ಬರ್ಗಿನಲ್ಲಿ ನಡೆದ ನೇತ್ರವೈದ್ಯರ ಸಮ್ಮೇಳನಕ್ಕೆ ಹೋಗಲು ಆತನಲ್ಲಿ ಹಣವಿರಲಿಲ್ಲ. ಪ್ರಬಂಧವನ್ನು ಮಿತ್ರನೊಬ್ಬ ಓದಿದನು. ಇಂದು ಕೊಕೇನಿನ ಬದಲು ನಿರಪಾಯಕರವಾದ ಬೇರೆ ಹನಿಗಳಿವೆ. ಆದರೂ ಅವು ವೈದ್ಯರ ಕೈಯಲ್ಲಿಯೇ ಇರತಕ್ಕವು. ನೋವು ಕಾರ್ನಿಯದ ಕಾವಲುಗಾರ. ಅದನ್ನು ಮನೆಯಲ್ಲಿ ಮೇಲಿಂದ ಮೇಲೆ ಮರೆಸಿದರೆ ಗಾಯ ಮಾಯದೆ ಹುಣ್ಣಾಗುತ್ತದೆ.

ಹುಣ್ಣು ಮತ್ತು ಸ್ಟಿರಾಯ್ಡ್

ರೋಗಾಣುಗಳ ವಿರುದ್ಧ ಕಣ್ಣಿಗೆ ಮದ್ದು ಹಾಕಿ ದೊಡ್ಡ ಜಯ ಪಡೆದವರಲ್ಲಿ ಲೈಪ್‌ಝಿಗ್‌ನ ಕಾರ್ಲ್ ಕ್ರೆಡೆ ಮೊದಲಿಗನು. ಹೆರಿಗೆಯ ಕಾಲದಲ್ಲಿ ತಾಯಿಯಿಂದ ತಗಲುವ ಸೋಂಕಿನಿಂದ ಶಿಶುಗಳು ಕುರುಡಾಗುತ್ತಿದ್ದುದನ್ನು ಕಂಡು, ಹುಟ್ಟಿದೊಡನೆ ಕಣ್ಣಿಗೆ ಬೆಳ್ಳಿಯ ನೈಟ್ರೇಟಿನ ಹನಿ ಹಾಕುವ ಕ್ರಮವನ್ನು ಆತ 1881ರಲ್ಲಿ ಪ್ರಕಟಿಸಿದನು. ಆ ಬಳಿಕ ಬಂದ ಜೀವಿನಿರೋಧಕಗಳು ಈ ಕಾರ್ಯವನ್ನು ಬಹುದೂರ ಕೊಂಡೊಯ್ದವು. ಒಂದು ಕಾಲಕ್ಕೆ ಉತ್ತರ ಭಾರತದ ಮಕ್ಕಳನ್ನು ಕಾಡುತ್ತಿದ್ದ ಟ್ರಕೋಮಾ ರೋಗದ ವಿರುದ್ಧ 1963ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಮದ್ದು, ಶುಚಿತ್ವ, ನೀರಿನ ಅನುಕೂಲ ಇವು ಕೂಡಿದುದರ ಫಲವಾಗಿ, ಅದು ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಭಾರತಕ್ಕೆ ಮಾನ್ಯತೆ ನೀಡಿತು.

ಆದರೆ ಹಳ್ಳಿಗಾಡಿನಲ್ಲಿ ಇಂದಿಗೂ ಕಣ್ಣು ಕಳೆಯುವುದು ಕಾರ್ನಿಯದ ಹುಣ್ಣು. ಒಕ್ಕಣೆಯ ಹೊತ್ತಿನಲ್ಲಿ ಸಿಡಿದ ಹೊಟ್ಟು, ಕಬ್ಬಿನ ಗರಿ, ಭತ್ತದ ತೆನೆ ಕಣ್ಣಿಗೆ ತಗುಲಿ ಕೂದಲೆಳೆಯಷ್ಟು ಗೀರಾಗುತ್ತದೆ. ಆ ಗೀರಿನ ಮೂಲಕ ಬ್ಯಾಕ್ಟೀರಿಯ ಇಲ್ಲವೆ ಬೂಷ್ಟು ಒಳಹೊಗುತ್ತದೆ. ತಮಿಳುನಾಡಿನ ಮಧುರೆ ಜಿಲ್ಲೆಯಲ್ಲಿ ನಡೆದ ಅಧ್ಯಯನದಂತೆ 1993ರಲ್ಲಿ ಲಕ್ಷ ಜನರಿಗೆ 113 ಮಂದಿಯಂತೆ ಈ ಹುಣ್ಣಿಗೆ ಗುರಿಯಾಗಿದ್ದರು. ಅಲ್ಲಿಯ ಹುಣ್ಣುಗಳಲ್ಲಿ ಬೂಷ್ಟಿನಿಂದಾದವು ಬ್ಯಾಕ್ಟೀರಿಯದಿಂದಾದವುಗಳಿಗೆ ಹೆಚ್ಚು ಕಡಮೆ ಸರಿಸಮವಾಗಿದ್ದವು. ಬ್ಯಾಕ್ಟೀರಿಯಕ್ಕೆ ಹಾಕುವ ಮದ್ದು ಬೂಷ್ಟನ್ನು ಮುಟ್ಟುವುದಿಲ್ಲ. ಅದಕ್ಕೆ ನಟಾಮೈಸಿನ್‌ನಂಥ ಬೇರೆಯೇ ಹನಿ ಬೇಕು. ಹರ್ಪೀಸ್ ವೈರಸ್ಸಿನ ಹುಣ್ಣಿಗೆ ಮತ್ತೊಂದು ಬಗೆಯದು ಬೇಕು. ಹುಣ್ಣನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಇದು ಇಂಥದೇ ಎಂದು ಹೇಳುವುದು ನುರಿತವರಿಗೂ ಕಷ್ಟ.

ಅಪಾಯ ಬರುವುದು ಇಲ್ಲಿಯೇ. ಕೆಂಪಾದ ಕಣ್ಣಿಗೆ ಅಂಗಡಿಯಿಂದ ತಂದ ಹನಿಯಲ್ಲಿ ಅನೇಕ ವೇಳೆ ಸ್ಟಿರಾಯ್ಡ್ ಬೆರೆತಿರುತ್ತದೆ. ಸ್ಟಿರಾಯ್ಡ್ ಉರಿಯೂತವನ್ನು ಅಡಗಿಸುವ ಮಹಾಮದ್ದು. ಕಣ್ಣಿನ ಒಳಗಿನ ಉರಿಯೂತದಲ್ಲಿ, ಶಸ್ತ್ರಕ್ರಿಯೆಯ ಬಳಿಕ, ಕಾರ್ನಿಯ ಕಸಿ ಮಾಡಿದಾಗ ಅದಿಲ್ಲದೆ ನಡೆಯದು. ಆದರೆ ಅದು ಅಡಗಿಸುವುದು ಕೆಂಪನ್ನೂ ನೋವನ್ನೂ, ರೋಗಾಣುವನ್ನಲ್ಲ. ದೇಹದ ರಕ್ಷಣಾಪಡೆಯನ್ನೇ ಮಲಗಿಸಿದಂತಾಗಿ, ಬೂಷ್ಟೂ ಹರ್ಪೀಸೂ ತಡೆಯಿಲ್ಲದೆ ಬೆಳೆಯುತ್ತವೆ. ಎರಡು ದಿನ ಕಣ್ಣು ಬೆಳ್ಳಗಾಗಿ ಹಿತವೆನಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಕಾರ್ನಿಯ ಕರಗಿರುತ್ತದೆ.

ಶಾಲೆಯ ಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಕೇಡುಂಟು. ಬೇಸಿಗೆ ಬಂದೊಡನೆ ಕೆಲವು ಮಕ್ಕಳ ಕಣ್ಣು ಅಲರ್ಜಿಯಿಂದ ಕೆರೆತ, ಕೆಂಪು, ನಾರುನಾರಾದ ಪಿಸುರುಗಳಿಂದ ಕೂಡಿರುತ್ತದೆ. ವೈದ್ಯರು ಕೆಲವು ದಿನಗಳಿಗೆಂದು ಬರೆದುಕೊಟ್ಟ ಸ್ಟಿರಾಯ್ಡ್ ಹನಿಯಿಂದ ತಕ್ಷಣ ಸುಖ ಕಂಡ ತಂದೆತಾಯಿಗಳು ಅದೇ ಚೀಟಿಯನ್ನು ತೋರಿಸಿ ವರ್ಷಗಟ್ಟಲೆ ಹಾಕುತ್ತಾರೆ. ಕೆಲವು ವಾರಗಳ ಕಾಲ ಬಿಡದೆ ಹಾಕಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಒಂದಿಷ್ಟು ಏರುತ್ತದೆ. ನೂರಕ್ಕೆ ಐದಾರು ಮಂದಿಗೆ ಅಪಾಯದ ಮಟ್ಟಕ್ಕೆ ಏರುತ್ತದೆ. ಮಸೂರದಲ್ಲಿ ಪೊರೆಯೂ ಮೂಡಬಹುದು. ಕೆರೆತ ಹೋದ ಕಣ್ಣಿನಲ್ಲಿ ನೋಟವೂ ಹೋಗಿರುವುದನ್ನು ಬಹುತೇಕ ಮೊದಲು ಗುರುತಿಸುವುದು, ಮಗು ಕರಿಹಲಗೆಯ ಅಕ್ಷರವನ್ನು ತಪ್ಪಾಗಿ ಓದಿದಾಗ, ತರಗತಿಯ ಶಿಕ್ಷಕರೇ.

ದೇಹಕ್ಕೆ ಕೊಟ್ಟ ಮದ್ದು, ಕಣ್ಣಿಗೆ ತಟ್ಟುವ ಪೆಟ್ಟು

ಬೇರೆ ರೋಗಕ್ಕೆಂದು ನುಂಗಿದ ಗುಳಿಗೆಯೂ ಕಣ್ಣನ್ನು ಬಾಧಿಸಬಲ್ಲದು. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಕೆಲವರಲ್ಲಿ ದೃಷ್ಟಿನರವನ್ನು ಮುಟ್ಟುತ್ತದೆ. ಕೆಂಪು ಹಸಿರುಗಳ ಭೇದ ಮಸುಕಾಗುವುದು ಅದರ ಮೊದಲ ಸೂಚನೆಗಳಲ್ಲೊಂದು. ಆಗಲೇ ವೈದ್ಯರಿಗೆ ತಿಳಿಸಿದರೆ ನೋಟ ಬಹಳ ಮಂದಿಯಲ್ಲಿ ಮರಳುತ್ತದೆ. ಕೀಲುವಾತ ಮೊದಲಾದ ರೋಗಗಳಿಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ವರ್ಷಗಟ್ಟಲೆ ಸೇವಿಸಿದಾಗ ಅಕ್ಷಿಪಟಲದಲ್ಲಿ ಶೇಖರವಾಗುತ್ತದೆ. ದಿನದ ಪ್ರಮಾಣ ದೇಹತೂಕದ ಕಿಲೋಗ್ರಾಮಿಗೆ 5 ಮಿಲಿಗ್ರಾಮನ್ನು ಮೀರಬಾರದೆಂದೂ ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಆಗಬೇಕೆಂದೂ ತಜ್ಞರು ವಿಧಿಸಿದ್ದಾರೆ. ಕಳ್ಳಭಟ್ಟಿಯಲ್ಲಿ ಬೆರೆಯುವ ಮಿಥೈಲ್ ಆಲ್ಕೊಹಾಲಂತೂ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಒಂದೆರಡು ದಿನಗಳಲ್ಲಿಯೇ ಶಾಶ್ವತ ಕುರುಡನ್ನು ತರುತ್ತದೆ. ಹೀಗೆಂದು ಕ್ಷಯದ ಮದ್ದನ್ನು ತಾನಾಗಿ ಬಿಡುವುದು ಅವಿವೇಕ. ಎಚ್ಚರವಿರಬೇಕು, ಅಂಜಿಕೆ ಬೇಡ.

ಇದಕ್ಕೆ ಪ್ರತಿಯಾಗಿ, ನುಂಗಿದ ಪದಾರ್ಥವೇ ಕಣ್ಣನ್ನು ಕಾಯುವ ಉದಾಹರಣೆ ‘ಎ’ ಜೀವಸತ್ವ. ಅಕ್ಷಿಪಟಲದ ಬೆಳಕು ಹೀರುವ ವಸ್ತು ಈ ಸತ್ವದಿಂದಲೇ ಆಗುವುದೆಂದು ತೋರಿಸಿದ ಜಾರ್ಜ್ ವಾಲ್ಡ್ 1967ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಅದರ ಕೊರತೆ ಮೊದಲು ಇರುಳುಗಣ್ಣಾಗಿ, ಕೊನೆಗೆ ಕಾರ್ನಿಯ ಕರಗುವಿಕೆಯಾಗಿ ಕಾಣುತ್ತದೆ. ಭಾರತದಲ್ಲಿ 1970ರಲ್ಲಿ ಎಳೆಯ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಇದರ ದೊಡ್ಡ ಪ್ರಮಾಣವನ್ನು ಕುಡಿಸುವ ಕಾರ್ಯಕ್ರಮ ಆರಂಭವಾಯಿತು. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಗಜ್ಜರಿಗಳು ಹಿತ್ತಿಲಲ್ಲೇ ದೊರೆಯುವ ಅದರ ಮೂಲಗಳು.

ಮದ್ದಿಗೆ ಬಗ್ಗದ ಪೊರೆ

ಔಷಧದ ಶಕ್ತಿಗೆ ಮಿತಿಯೂ ಉಂಟು. ಮುಪ್ಪಿನಲ್ಲಿ ಮಸೂರ ಮಬ್ಬಾಗುವ ಪೊರೆಯನ್ನು, ಉತ್ತರ ಕರ್ನಾಟಕದ ಮಾತಿನಲ್ಲಿ ಮೋತಿಬಿಂದುವನ್ನು, ಕರಗಿಸುವ ಹನಿ ಇದುವರೆಗೆ ಸಿದ್ಧವಾಗಿಲ್ಲ. ಕರಗಿಸುವೆವೆಂದು ಮಾರುವ ಮದ್ದುಗಳಿಂದ ಹಣವೂ ಕಾಲವೂ ವ್ಯರ್ಥ. ಅದಕ್ಕೆ ಶಸ್ತ್ರಕ್ರಿಯೆಯೇ ಗತಿ. ಈ ಸತ್ಯವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರು ಬೀಳಗಿಯ ಡಾ. ಎಂ. ಸಿ. ಮೋದಿಯವರು. ಆಸ್ಪತ್ರೆಗೆ ಬಾರದ ಬಡವರ ಬಳಿಗೆ ತಾವೇ ಹೋಗಿ, ಛತ್ರ ಶಾಲೆಗಳಲ್ಲಿ ಉಚಿತ ಶಿಬಿರ ಹೂಡಿ, 1993ರ ವೇಳೆಗೆ ಅವರು ನಡೆಸಿದ ಶಸ್ತ್ರಕ್ರಿಯೆಗಳ ಸಂಖ್ಯೆ ಆರು ಲಕ್ಷವನ್ನು ಮೀರಿತ್ತೆಂದು ಗಿನ್ನೆಸ್ ಗ್ರಂಥ ದಾಖಲಿಸಿತು. 1968ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. ಊರಿನ ದಾನಿಗಳ ಅನ್ನ, ಶಾಲೆಯ ಕೊಠಡಿ, ಸ್ವಯಂಸೇವಕರ ದುಡಿಮೆ ಇವಿಲ್ಲದೆ ಅಂಥ ಶಿಬಿರಗಳು ನಡೆಯುತ್ತಿರಲಿಲ್ಲ.

ಶಾಲೆಯ ಹೊಣೆ

ಇಷ್ಟೆಲ್ಲವನ್ನು ಅರಿತ ಮೇಲೆ ಮಾಡಬೇಕಾದುದು ಕಡಿಮೆ, ಆದರೆ ನಿಶ್ಚಿತ. 2001ರಲ್ಲಿ ಪ್ರಕಟವಾದ ನೇಪಾಳದ ಭಕ್ತಪುರದ ಅಧ್ಯಯನವೊಂದು ದಾರಿದೀಪದಂತಿದೆ. ಅಲ್ಲಿ ಹಳ್ಳಿಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಣ್ಣಿಗೆ ಗೀರು ಬಿದ್ದವರಿಗೆ ಸಾಮಾನ್ಯವಾದ ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚಿಸಿದರು. ಗಾಯವಾದ 18 ಗಂಟೆಗಳೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ದೃಷ್ಟಿ ಉಳಿದುದು ದುಬಾರಿಯ ಮದ್ದಿನಿಂದಲ್ಲ, ಹೊತ್ತಿಗೆ ಸರಿಯಾಗಿ ಬಿದ್ದ ಅಗ್ಗದ ಮದ್ದಿನಿಂದ.

ಆದುದರಿಂದ ಕಣ್ಣಿಗೆ ಪೆಟ್ಟಾದ ಮಗುವನ್ನು ಅಂದೇ ವೈದ್ಯರಲ್ಲಿಗೆ ಕಳುಹಬೇಕು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಗಾಯದ ಕಣ್ಣಿಗೆ ಹಾಕಗೊಡಬಾರದು. ಸುಣ್ಣ ಸಿಡಿದರೆ ಮಾತ್ರ ಒಂದು ನಿಮಿಷವನ್ನೂ ಕಳೆಯದೆ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆದು, ಆಮೇಲೆ ಕರೆದೊಯ್ಯಬೇಕು. ಬಾಯಿ ತೆರೆದ ಹನಿಯ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳ ಬಳಿಕ ಎಸೆಯಬೇಕು. ಒಬ್ಬರದನ್ನು ಇನ್ನೊಬ್ಬರಿಗೆ ಹಾಕಲಾಗದು. ಸ್ಟಿರಾಯ್ಡ್ ಹನಿಯನ್ನು ವೈದ್ಯರು ಹೇಳಿದ ದಿನಕ್ಕಿಂತ ಒಂದು ದಿನವೂ ಹೆಚ್ಚು ಮುಂದುವರಿಸಬಾರದು. ವರ್ಷಕ್ಕೊಮ್ಮೆ ಎಲ್ಲ ಮಕ್ಕಳ ದೃಷ್ಟಿಪರೀಕ್ಷೆ ಶಾಲೆಯಲ್ಲಿಯೇ ಆಗಬೇಕು. ಆರು ಮೀಟರ್ ದೂರದ ಗೋಡೆ, ಒಂದು ಅಕ್ಷರಪಟ, ಸಹನೆಯುಳ್ಳ ಒಬ್ಬ ಶಿಕ್ಷಕ, ಇಷ್ಟು ಸಾಕು.

ವಿದ್ಯಾದಾನಕ್ಕೆಂದು ನಿಂತ ಸಂಸ್ಥೆಗೆ ಮಕ್ಕಳ ಕಣ್ಣನ್ನು ಕಾಯುವ ಕೆಲಸ ಹೊರಗಿನದಲ್ಲ. ಪುಸ್ತಕವನ್ನು ಕೊಟ್ಟ ಕೈಯೇ ಅದನ್ನು ಓದುವ ಕಣ್ಣನ್ನೂ ಉಳಿಸಿಕೊಟ್ಟರೆ ದಾನ ಪೂರ್ಣವಾಗುತ್ತದೆ.